ಕೇಳಿದ್ದು ಸಿಗದ ವರ್ಷದ ಕದಿರು

ನಮ್ಮೂರ ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಗುಡಿಯಿಲ್ಲ. ಒಂದು ಹಳೆಯ ಮರದ ಬುಡ, ಕಲ್ಲಿನ ಕಟ್ಟೆ, ಕಟ್ಟೆಯ ಸುತ್ತ ಮಣ್ಣಿನ ನಾಯಿಗಳು, ಅಷ್ಟೇ. ಹಸು ಕಾಣೆಯಾದಾಗ, ಮಗುವಿನ ಜ್ವರ ಇಳಿಯದಿದ್ದಾಗ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಬಗೆಹರಿಯದಿದ್ದಾಗ ಹರಕೆ ಹೇಳಿಕೊಂಡವರು, ಅದು ಕೈಗೂಡಿದ ಮೇಲೆ ಒಂದು ಮಣ್ಣಿನ ನಾಯಿಯನ್ನು ತಂದು ಒಪ್ಪಿಸಿ ಕೈಮುಗಿದು ಹೋಗುತ್ತಾರೆ. ಹೊಸದಾಗಿ ಬಂದವು ಇಟ್ಟಿಗೆಯ ಕೆಂಪಿನಲ್ಲಿ ಎದ್ದು ಕಾಣುತ್ತವೆ. ಎರಡು ಮಳೆಗಾಲ ಕಳೆದವು ಪಾಚಿ ಹತ್ತಿ ಹಸಿರಾಗಿರುತ್ತವೆ. ಇನ್ನೂ ಹಳೆಯವುಗಳ ಕಿವಿ ಮುರಿದು, ಮೂತಿ ಸವೆದು, ಹಿಂಗಾಲು ಮಾತ್ರ ಉಳಿದು, ನಾಯಿಯೆಂದು ಗುರುತಿಸುವುದೂ ಕಷ್ಟ. ಒಂದರ ಬೆನ್ನು ಬಿರಿದು ಅದರೊಳಗಿಂದ ಜರಿಗಿಡ ಬೆಳೆದಿರುವುದನ್ನು ಕಂಡಿದ್ದೇನೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಅಯ್ಯಪ್ಪನ ಹೆಸರಿನವು ಎಲ್ಲಿದ್ದರೂ ಇಂಥ ನಾಯಿಗಳು ಇದ್ದೇ ಇರುತ್ತವೆಂಬುದು ಇಲ್ಲಿನವರಿಗೆ ಗೊತ್ತಿರುವ ವಿಷಯವೇ.

ಕೆಲವು ವರ್ಷಗಳಿಂದ ಆ ಕಟ್ಟೆಯ ಮುಂದೆ ನಿಂತಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಅಲ್ಲಿರುವ ಒಂದೊಂದು ನಾಯಿಯೂ ಕೈಗೂಡಿದ ಹರಕೆ. ಸಿಕ್ಕ ಹಸು, ಇಳಿದ ಜ್ವರ, ಮುಗಿದ ವ್ಯಾಜ್ಯ. ಹಾಗಾದರೆ ಕೈಗೂಡದ ಹರಕೆಗಳು ಎಲ್ಲಿವೆ? ಇದೇ ಕಟ್ಟೆಗೆ ಹಣೆ ಹಚ್ಚಿ ಬೇಡಿಕೊಂಡು, ಬೇಡಿದ್ದು ಸಿಗದೆ ಮನೆಗೆ ಹೋದವರ ಗುರುತು ಇಲ್ಲಿ ಒಂದೂ ಇಲ್ಲ. ಕಷ್ಟದಲ್ಲಿ ಪ್ರಾರ್ಥನೆ ಕೈ ಹಿಡಿಯುತ್ತದೆ, ಕೃತಜ್ಞತೆಯಿಂದ ಮನಸ್ಸು ಹಗುರಾಗುತ್ತದೆ ಎಂಬ ಮಾತುಗಳನ್ನು ನಾವು ಕೇಳುವುದೆಲ್ಲ ನಾಯಿ ತಂದಿಟ್ಟವರ ಬಾಯಿಂದಲೇ. ತರಲಾಗದವರು ಏನು ಮಾಡಿದರು, ಮರುದಿನ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ತಿಳಿಯದೆ ಪ್ರಾರ್ಥನೆಯ ಬಗ್ಗೆ ಏನು ಹೇಳಿದರೂ ಅದು ಅರ್ಧ ಮಾತೇ ಆಗುತ್ತದೆ ಎಂದು ನನಗೆ ತೋರುತ್ತದೆ. ಆ ಉಳಿದರ್ಧವನ್ನು ನಾನು ಕಂಡದ್ದು ನಮ್ಮ ಮನೆಯಲ್ಲಿ ಮತ್ತು ನಮ್ಮ ನೆಂಟರಿಷ್ಟರ ಮನೆಗಳಲ್ಲಿ. ಅದನ್ನು ಇಲ್ಲಿ ಬರೆಯಲು ಪ್ರಯತ್ನಿಸುತ್ತೇನೆ.

ಅಪ್ಪನ ಮಳೆ ಪುಸ್ತಕ

ನಾಪೋಕ್ಲು ಕಡೆಯ ನಮ್ಮ ತೋಟ ಚಿಕ್ಕದು. ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿದ ಕರಿಮೆಣಸು, ತಗ್ಗಿನಲ್ಲಿ ಸ್ವಲ್ಪ ಗದ್ದೆ. ಅಂಗಳದ ತುದಿಯಲ್ಲಿ, ಮರದ ನೆರಳು ಬೀಳದ ಜಾಗದಲ್ಲಿ, ಒಂದು ರೈನ್‌ಗೇಜ್ ನಿಂತಿದೆ. ಅಪ್ಪ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅದರ ಬಾಯಿ ತೆಗೆದು, ಒಳಗಿನ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಾರೆ. ನಮ್ಮಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ನೋಡಿದ್ದನ್ನು ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ. ತಾರೀಖು, ಸೆಂಟು, ಮತ್ತೇನಿಲ್ಲ. ಮಳೆ ಬಾರದ ದಿನವೂ ಸೊನ್ನೆ ಬರೆಯದೆ ಬಿಡುವುದಿಲ್ಲ.

ಫೆಬ್ರವರಿ ಕಳೆದು ಮಾರ್ಚ್ ಕಾಲಿಟ್ಟಿತೆಂದರೆ ಆ ಪುಸ್ತಕದ ಸುತ್ತ ಮನೆಯ ಮಾತೆಲ್ಲ ಸುತ್ತುತ್ತದೆ. ಹೂಮಳೆಗೆ ಕಾಯುವುದೆಂದರೆ ಏನೆಂದು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಬಿಸಿಲಿಗೆ ಒಣಗಿ ನಿಂತ ಗಿಡದ ಗೆಣ್ಣುಗಳಲ್ಲಿ ಮೊಗ್ಗು ಕಟ್ಟಿರುತ್ತದೆ. ಅದಕ್ಕೆ ಒಂದು ಇಂಚಿನಷ್ಟು ಹದವಾದ ಮಳೆ ಒಮ್ಮೆಗೇ ಬೀಳಬೇಕು. ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟವಿಡೀ ಬೆಳ್ಳಗಾಗಿ, ಪರಿಮಳ ರಸ್ತೆಯವರೆಗೂ ಬರುತ್ತದೆ. ಇಪ್ಪತ್ತು ಸೆಂಟೋ ಮೂವತ್ತು ಸೆಂಟೋ ಉದುರಿ ನಿಂತುಹೋದರೆ ಮೊಗ್ಗು ಅರ್ಧ ಎಚ್ಚರಗೊಂಡು ಅಲ್ಲೇ ಕರಟುತ್ತದೆ. ಬಾರದಿದ್ದುದಕ್ಕಿಂತ ಅದು ಹೆಚ್ಚಿನ ನಷ್ಟ. ಹೂ ಅರಳಿದ ದಿನವೇ ಮಳೆ ಸುರಿದರೂ ಕಷ್ಟ, ಹೂ ಬಿಟ್ಟ ಮೇಲೆ ಎರಡು-ಮೂರು ವಾರದಲ್ಲಿ ಮತ್ತೊಂದು ಮಳೆ ಬಾರದಿದ್ದರೂ ಕಷ್ಟ. ಇಡೀ ವರ್ಷದ ದುಡಿಮೆ, ಬ್ಯಾಂಕಿನ ಬೆಳೆ ಸಾಲ, ಮಕ್ಕಳ ಫೀಸು ಎಲ್ಲವೂ ಆ ಕೆಲವು ದಿನಗಳ ಆಕಾಶದ ಮೇಲೆ ನಿಂತಿರುತ್ತವೆ. ರಾತ್ರಿ ಗುಡುಗಿದರೆ ಮನೆಯವರೆಲ್ಲ ಜಗಲಿಗೆ ಬರುತ್ತಾರೆ. ಮರುದಿನ ಬೆಳಿಗ್ಗೆ ಫೋನಿನಲ್ಲಿ ಮೊದಲ ಮಾತು, "ನಿಮ್ಮಲ್ಲಿ ಎಷ್ಟು ಸೆಂಟು?" ಎರಡು ಮೈಲಿ ಆಚೆ ತೊಂಬತ್ತು ಸೆಂಟು ಸುರಿದು ನಮ್ಮಲ್ಲಿ ನೆಲವೂ ನೆನೆಯದಿದ್ದ ದಿನಗಳು ಎಷ್ಟೋ ಇವೆ.

ಇದೇ ಮಾರ್ಚ್ ತಿಂಗಳಲ್ಲಿ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಕಲಾಡ್ಚ ಹಬ್ಬ ಬರುತ್ತದೆ. ಮಳೆ ಬೆಳೆಯ ದೇವರಾದ ಇಗ್ಗುತ್ತಪ್ಪನ ಉತ್ಸವ ಮಲ್ಮ ಬೆಟ್ಟಕ್ಕೆ ಹೋಗಿಬಂದರೆ ಮಳೆ ಬರುತ್ತದೆ ಎಂಬ ನಂಬಿಕೆಯಲ್ಲಿ ನಾವು ಬೆಳೆದವರು. ಕೆರೆಯಿಂದಲೋ ಹೊಳೆಯಿಂದಲೋ ಪಂಪು ಹಚ್ಚಿ ಸ್ಪ್ರಿಂಕ್ಲರ್ ತಿರುಗಿಸುವ ಶಕ್ತಿಯಿರುವ ತೋಟದವರು ಈಗ ಮಳೆಗೆ ಕಾಯಬೇಕಾಗಿಲ್ಲ. ತಮಗೆ ಬೇಕಾದ ದಿನ ಹೂಮಳೆಯನ್ನು ತಾವೇ ಬರಿಸಿಕೊಳ್ಳುತ್ತಾರೆ. ಆದರೂ ಹಬ್ಬದ ದಿನ ಕಕ್ಕಬ್ಬೆಯಲ್ಲಿ ಅವರನ್ನೂ ಕಾಣುತ್ತೇನೆ. ಮಳೆಯೊಂದಕ್ಕಾಗಿಯೇ ಪ್ರಾರ್ಥನೆ ಎಂದಾಗಿದ್ದರೆ ಪಂಪು ಬಂದ ವರ್ಷವೇ ಅವರು ಬರುವುದನ್ನು ನಿಲ್ಲಿಸಬೇಕಾಗಿತ್ತು. ಜನರು ದೇವರ ಮುಂದೆ ನಿಲ್ಲುವುದಕ್ಕೆ ಬೇಡಿಕೆಗಿಂತ ಹಿಂದಿನದಾದ ಯಾವುದೋ ಕಾರಣವಿದೆ ಎಂದು ನನಗೆ ಮೊದಲು ಅನ್ನಿಸಿದ್ದು ಅಲ್ಲಿಯೇ.

ಅಪ್ಪನ ಆಸ್ಪತ್ರೆಯ ದಿನಗಳಲ್ಲಿ ಆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಅವರ ಬದಲಿಗೆ ಸೆಂಟು ಬರೆಯಲೆಂದು ತೆರೆದವಳು ಹಿಂದಿನ ಪುಟಗಳನ್ನು ತಿರುವಿದೆ. ಒಳ್ಳೆಯ ಹೂಮಳೆ ಬಿದ್ದ ದಿನಗಳ ಎದುರು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಇಗ್ಗುತ್ತಪ್ಪ" ಎಂದಷ್ಟೇ ಬರೆದಿದ್ದರು. ಅದು ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಕಂಡಿತು. ಮಾರ್ಚ್, ಏಪ್ರಿಲ್ ಎರಡೂ ತಿಂಗಳ ಸಾಲುಗಳಲ್ಲಿ ಸೊನ್ನೆಯ ಕೆಳಗೆ ಸೊನ್ನೆ, ನಡುವೆ ಎಲ್ಲೋ ಹನ್ನೆರಡು ಸೆಂಟು, ಎಂಟು ಸೆಂಟು; ಆ ಪುಟದ ಕೊನೆಯಲ್ಲಿ, "ಈ ವರ್ಷ ಇಷ್ಟೇ. ನಮಸ್ಕಾರ." ಮಳೆ ಬಂದ ವರ್ಷ ದೇವರ ಹೆಸರು, ಬಾರದ ವರ್ಷ ದೇವರಿಗೆ ನಮಸ್ಕಾರ. ಅಪ್ಪ ಚೇತರಿಸಿಕೊಂಡ ಮೇಲೆ ಅದನ್ನು ಕೇಳಿದೆ. ಅವರಿಗೆ ಅದರಲ್ಲಿ ಕೇಳುವಂಥದ್ದೇನಿದೆ ಎಂಬುದೇ ತಿಳಿಯಲಿಲ್ಲ. "ಲೆಕ್ಕ ಮುಗಿಸಿದ ಮೇಲೆ ನಮಸ್ಕಾರ ಹೇಳದೆ ಪುಸ್ತಕ ಮುಚ್ಚುವುದು ಹೇಗೆ ಮಗಳೇ?" ಎಂದರು. ಸಿಟ್ಟು ಬಂದಿರಲಿಲ್ಲವೇ ಎಂದು ಮತ್ತೆ ಕೇಳಿದೆ. "ಬಂದಿತ್ತು. ಸಿಟ್ಟು ಬಂತೆಂದು ನಮಸ್ಕಾರ ಬಿಡುತ್ತಾರೆಯೇ?" ಎಂದರು.

ಆಸ್ಪತ್ರೆಯ ಬೆಂಚಿನ ಮೇಲೆ ಎದ್ದ ಪ್ರಶ್ನೆ

ಅಪ್ಪನಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆದದ್ದು ಮೈಸೂರಿನಲ್ಲಿ, ಜನವರಿಯಲ್ಲಿ, ಕಾಫಿ ಕುಯ್ಲಿನ ನಡುವೆ. ಕೊಡಗಿನವರಿಗೆ ದೊಡ್ಡ ಕಾಯಿಲೆ ಬಂದರೆ ಒಂದೋ ಮೈಸೂರು, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರು. ಆ ದಾರಿಯಲ್ಲಿ ಆಂಬುಲೆನ್ಸಿನಲ್ಲಿ ಕೂತು ಪ್ರಾರ್ಥಿಸದ ಕುಟುಂಬ ನಮ್ಮ ಜಿಲ್ಲೆಯಲ್ಲಿ ಇರಲಾರದು. ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಅವ್ವ ಮತ್ತು ನಾನು ಕೂತಿದ್ದಾಗ ಫೋನುಗಳು ಬರುತ್ತಲೇ ಇದ್ದವು. ಚಿಕ್ಕಪ್ಪ ಕಕ್ಕಬ್ಬೆಯಲ್ಲಿ ತುಲಾಭಾರದ ಹರಕೆ ಹೇಳಿಕೊಂಡಿದ್ದರು. ನಮ್ಮ ಕರಿಮೆಣಸು ಕೊಳ್ಳುವ ಕಾಕ ಎಮ್ಮೆಮಾಡಿನ ದರ್ಗಾಕ್ಕೆ ಹೋಗಿ ಬಂದಿದ್ದರು. ತೋಟದ ಕೆಲಸದವರ ಲೈನ್‌ಮನೆಯ ಅಕ್ಕ ವಿರಾಜಪೇಟೆಯ ಚರ್ಚಿನಲ್ಲಿ ಮೊಂಬತ್ತಿ ಹಚ್ಚಿದ್ದಳು. ಎಲ್ಲರೂ ಹೇಳಿದ್ದು ಒಂದೇ: "ನಾವೆಲ್ಲ ಬೇಡಿಕೊಳ್ಳುತ್ತಿದ್ದೇವೆ, ಹೆದರಬೇಡಿ."

ಈ ಬೇಡಿಕೆಗಳಿಂದ ಒಳಗೆ ಟೇಬಲಿನ ಮೇಲಿರುವ ದೇಹಕ್ಕೆ ಏನಾದರೂ ಆಗುತ್ತದೆಯೇ? ಅಪ್ಪ ಮನೆಗೆ ಬಂದ ಮೇಲೂ ಈ ಪ್ರಶ್ನೆ ನನ್ನೊಳಗೆ ಉಳಿದಿತ್ತು, ಹುಡುಕಿ ಓದಿದೆ. ಇದನ್ನು ನೇರವಾಗಿಯೇ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಎಂಬ ಹೃದ್ರೋಗ ತಜ್ಞರ ನೇತೃತ್ವದಲ್ಲಿ 6 ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಎರಡು ಗುಂಪಿನವರಿಗೆ ತಮಗಾಗಿ ಪ್ರಾರ್ಥನೆ ನಡೆಯಬಹುದು, ನಡೆಯದೆಯೂ ಇರಬಹುದು ಎಂದು ಹೇಳಿದ್ದರು. ಅವುಗಳಲ್ಲಿ ಒಂದಕ್ಕೆ ಮಾತ್ರ ಪ್ರಾರ್ಥನೆ ನಡೆಯಿತು. ಮೂರನೆಯ ಗುಂಪಿನವರಿಗೆ ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ ಎಂದು ತಿಳಿಸಿಯೇ ಪ್ರಾರ್ಥಿಸಲಾಯಿತು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳನ್ನು ಎಣಿಸಿದಾಗ ಮೊದಲ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ: ಪ್ರಾರ್ಥನೆ ಸಿಕ್ಕವರಲ್ಲಿ ಶೇ. 52, ಸಿಗದವರಲ್ಲಿ ಶೇ. 51. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕುಗಳು ಶೇ. 59ಕ್ಕೆ ಏರಿದ್ದವು.

ದೇವರನ್ನು ನಂಬುವವಳಾದ ನನಗೆ ಈ ಅಂಕಿಗಳು ನೋವು ತರುತ್ತವೆಂದು ಗೆಳತಿಯೊಬ್ಬಳು ಎಣಿಸಿದ್ದಳು. ತರಲಿಲ್ಲ. ಆ ಅಧ್ಯಯನದಲ್ಲಿ ಪ್ರಾರ್ಥಿಸಿದವರಿಗೆ ಕೊಟ್ಟಿದ್ದು ರೋಗಿಯ ಮೊದಲ ಹೆಸರು, ಮನೆತನದ ಹೆಸರಿನ ಒಂದಕ್ಷರ ಮತ್ತು ಎಲ್ಲರಿಗೂ ಒಂದೇ ಆದ ಕೋರಿಕೆಯ ವಾಕ್ಯ. ಪ್ರಾರ್ಥಿಸುವವನು ಯಾರಿಗಾಗಿ ಪ್ರಾರ್ಥಿಸುತ್ತಿದ್ದಾನೋ ಅವರ ಮುಖ ಕಂಡವನಲ್ಲ. ಅಳೆಯಬೇಕಾದರೆ ಹಾಗೆಯೇ ಮಾಡಬೇಕು, ಅದರಲ್ಲಿ ತಪ್ಪಿಲ್ಲ. ಅವರು ಅಳೆದದ್ದು ಕೋರಿಕೆ ದೇಹವನ್ನು ಮುಟ್ಟುತ್ತದೆಯೇ ಎಂಬುದನ್ನು. ಅದಕ್ಕೆ ಬಂದ ಉತ್ತರವನ್ನು ನಾನು ಒಪ್ಪುತ್ತೇನೆ. ಅಪ್ಪನ ಹೃದಯವನ್ನು ಸರಿಮಾಡಿದ್ದು ಶಸ್ತ್ರವೈದ್ಯರ ಕೈ, ಅದಕ್ಕಾಗಿ ಆ ಕೈಗಳಿಗೆ ಋಣಿ. ಆದರೆ ನಮ್ಮ ಮನೆಗೆ ಬಂದ ಪ್ರಾರ್ಥನೆಗೆ ಕೈಕಾಲುಗಳಿದ್ದವು. ಅಪ್ಪ ಇನ್ನೂ ಐಸಿಯುವಿನಲ್ಲಿದ್ದಾಗ ಊರಲ್ಲಿ ಅಕಾಲದ ಮಳೆ ಬಂತು. ಕುಯ್ದ ಕಾಫಿ ಕಣದ ತುಂಬ ಹರಡಿತ್ತು. ನೆನೆದಿದ್ದರೆ ಬೂಸ್ಟು ಹಿಡಿದು ಅರ್ಧ ಬೆಲೆಗೂ ಹೋಗುತ್ತಿರಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಟಾರ್ಚು ಹಿಡಿದು ಬಂದು, ಕಾಫಿಯನ್ನು ರಾಶಿ ಎಳೆದು, ಟಾರ್ಪಾಲು ಹೊದಿಸಿ, ಅದರ ಅಂಚಿಗೆ ಕಲ್ಲು ಹೇರಿದವರು ಯಾರೆಂದರೆ, ಹರಕೆ ಹೇಳಿಕೊಂಡ ಚಿಕ್ಕಪ್ಪ, ದರ್ಗಾಕ್ಕೆ ಹೋಗಿಬಂದ ಕಾಕನ ಮಗ, ಮೊಂಬತ್ತಿ ಹಚ್ಚಿದ ಲೈನ್‌ಮನೆಯ ಅಕ್ಕ. ನಮಗೆ ಯಾರೂ ಅದನ್ನು ಫೋನಿನಲ್ಲಿ ಹೇಳಲೂ ಇಲ್ಲ. ಊರಿಗೆ ಬಂದ ಮೇಲೆ ತಿಳಿಯಿತು.

ಒಬ್ಬರಿಗಾಗಿ ಬಾಯಿಬಿಟ್ಟು ಬೇಡಿಕೊಂಡವರು ಮರುದಿನ ಅವರ ಕಣ ನೆನೆಯುವುದನ್ನು ನೋಡಿ ಮಲಗಿರಲಾರರು. ಬೇಡಿಕೊಂಡ ಮಾತು ಬೇಡಿಕೊಂಡವರನ್ನೇ ಕಟ್ಟಿಹಾಕುತ್ತದೆ. ನನಗೆ ಕಂಡ ಮಟ್ಟಿಗೆ ಪ್ರಾರ್ಥನೆಯ ಕೆಲಸ ಅರ್ಧ ಇಲ್ಲಿದೆ. ಇದನ್ನು ದೇವರ ಕೆಲಸವೆಂದು ಕರೆಯಬೇಕೋ ಜನರ ಕೆಲಸವೆಂದೋ ಎಂದು ಅವ್ವನನ್ನು ಕೇಳಿದರೆ, ಅವಳು ಎರಡನ್ನೂ ಬೇರೆ ಮಾಡುವುದಿಲ್ಲ.

"ಜೀವ ಉಳಿಯಿತಲ್ಲ"

ಕೃತಜ್ಞತೆಯ ವಿಷಯ ಇಷ್ಟು ಸುಲಭವಲ್ಲ. ಅದರಲ್ಲಿ ಒಂದು ಅಪಾಯವಿದೆ. ಅದನ್ನು ನಾನು 2018ರ ಆಗಸ್ಟಿನಲ್ಲಿ ಕಣ್ಣಾರೆ ಕಂಡೆ.

ಆ ವರ್ಷದ ಮಳೆಯ ಬಗ್ಗೆ ಕೊಡಗಿನವರು ಇನ್ನೂ ತಗ್ಗಿದ ದನಿಯಲ್ಲೇ ಮಾತಾಡುತ್ತೇವೆ. ವಾರಗಟ್ಟಲೆ ಬಿಡದೆ ಸುರಿದು, ನೆಲ ಇನ್ನು ಕುಡಿಯಲಾರೆನೆಂದಾಗ, ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು ಕಡೆ ಬೆಟ್ಟಗಳ ಮೈ ಕಳಚಿ ಬಿತ್ತು. ರಸ್ತೆಗೆ, ಮನೆಗೆ, ರೆಸಾರ್ಟಿಗೆಂದು ಇಳಿಜಾರುಗಳ ಬುಡ ಕಡಿದಿದ್ದ ಜಾಗಗಳು ಹೆಚ್ಚು ಕುಸಿದವೆಂಬುದನ್ನು ಆಮೇಲೆ ಭೂವಿಜ್ಞಾನಿಗಳೂ ಹೇಳಿದರು. ಮಕ್ಕಂದೂರು ಕಡೆಗೆ ಮದುವೆ ಮಾಡಿಕೊಟ್ಟಿದ್ದ ನಮ್ಮ ದೊಡ್ಡಮ್ಮನ ಗದ್ದೆ ಬೆಟ್ಟದ ಕೆಳಗಿತ್ತು. ನಾಟಿ ಮುಗಿದು ತಿಂಗಳೂ ಕಳೆದಿರಲಿಲ್ಲ. ಒಂದು ರಾತ್ರಿಯಲ್ಲಿ ಅದರ ಮೇಲೆ ಆಳೆತ್ತರ ಕೆಸರು, ಬೇರು ಸಮೇತ ಬಂದ ಮರಗಳು, ಬಂಡೆ. ಮನೆ ಬೀಳಲಿಲ್ಲ, ಆದರೆ ನಡುವೆ ಸೀಳಿತು. ಜಾನುವಾರು ಹೋದವು. ಅವರು ಉಟ್ಟ ಬಟ್ಟೆಯಲ್ಲಿ, ದೇವರ ಕೋಣೆಯ ತೂಗುದೀಪವನ್ನು ಒಂದು ಗೋಣಿಚೀಲದಲ್ಲಿ ಸುತ್ತಿಕೊಂಡು, ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಬಂದರು.

ಅಲ್ಲಿಗೆ ದಿನವೂ ಯಾರಾದರೂ ಬರುತ್ತಿದ್ದರು. ಹಾಸಿಗೆ ತಂದರು, ಅಕ್ಕಿ ತಂದರು, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬಂದವರು. ನಾನಿದ್ದ ದಿನ ಬಂದ ಹಿರಿಯರೊಬ್ಬರು ದೊಡ್ಡಮ್ಮನ ಎದುರು ನಿಂತು, "ಅಮ್ಮಾ, ಜೀವ ಉಳಿಯಿತಲ್ಲ, ಅದೇ ದೊಡ್ಡದು. ದೇವರಿಗೆ ಕೈ ಮುಗಿಯಿರಿ. ಇರುವುದರಲ್ಲಿ ತೃಪ್ತಿ ಕಾಣಬೇಕು" ಎಂದರು. ದೊಡ್ಡಮ್ಮ ತಲೆಯಾಡಿಸಿದರು, ಕೈಯನ್ನೂ ಮುಗಿದರು. ಅವರು ಹೋದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, ನನ್ನ ಕಡೆ ನೋಡದೆ ಹೇಳಿದರು: "ಜೀವ ಉಳಿದದ್ದಕ್ಕೆ ಕೈ ಮುಗಿಯುವುದು ನನಗೆ ಗೊತ್ತಿದೆ. ಅದನ್ನು ಅವರು ಹೇಳಬಾರದಿತ್ತು."

ಈ ಮಾತು ನನ್ನಲ್ಲಿ ಬೇರೂರಿದೆ. ಕೃತಜ್ಞತೆಯನ್ನು ಯಾರೂ ಇನ್ನೊಬ್ಬರಿಂದ ವಸೂಲಿ ಮಾಡುವಂತಿಲ್ಲ. ಕಳೆದುಕೊಂಡವರಿಗೆ ಹೊರಗಿನವರು "ಇಷ್ಟಾದರೂ ಉಳಿಯಿತಲ್ಲ" ಎಂದು ಹೇಳಿದಾಗ, ಅದು ಸಮಾಧಾನದ ರೂಪದಲ್ಲಿ ಬಂದು ಬಾಯಿ ಮುಚ್ಚಿಸುತ್ತದೆ. ಇನ್ನು ಅಳಬೇಡ, ಇನ್ನು ಕೇಳಬೇಡ ಎಂಬ ಅರ್ಥ ಅದರೊಳಗೆ ಕೂತಿರುತ್ತದೆ. ಪರಿಹಾರದ ಅರ್ಜಿ ಏಕೆ ತಡವಾಗಿದೆ, ಇಳಿಜಾರು ಕಡಿಯಲು ಒಪ್ಪಿಗೆ ಕೊಟ್ಟವರು ಯಾರು ಎಂದು ಕೇಳುವ ಹಕ್ಕನ್ನೂ ಅದು ಮೆಲ್ಲನೆ ಕಸಿಯುತ್ತದೆ. ದೇವರಿಗೆ ಋಣಿಯಾಗಿರುವುದೂ ಮನುಷ್ಯರು ಮಾಡಿದ್ದಕ್ಕೆ ಲೆಕ್ಕ ಕೇಳುವುದೂ ಒಂದೇ ಬಾಯಲ್ಲಿ ಇರಬಲ್ಲವು, ಇರಬೇಕು. ಕೃತಜ್ಞತೆಯನ್ನು ಬೋಧಿಸುವವರಲ್ಲಿ ನನ್ನ ಕಳಕಳಿಯ ಕೋರಿಕೆ ಇಷ್ಟೇ: ನಿಮ್ಮ ನಿಮ್ಮ ಬದುಕಿನ ಬಗ್ಗೆ ಅದನ್ನು ಹೇಳಿಕೊಳ್ಳಿ, ಇನ್ನೊಬ್ಬರ ಕೆಸರು ತುಂಬಿದ ಗದ್ದೆಯ ಎದುರು ಹೇಳಬೇಡಿ.

ಬಾಡಿಗೆ ಮನೆಯ ಹುತ್ತರಿ

ಆ ನವೆಂಬರಿನ ಹುತ್ತರಿಗೆ ದೊಡ್ಡಮ್ಮ ಮಡಿಕೇರಿಯ ಒಂದು ಬಾಡಿಗೆ ಮನೆಯಲ್ಲಿದ್ದರು. ಎರಡು ಕೋಣೆ, ಶೀಟಿನ ಮಾಡು, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಜಿಲ್ಲೆಯಲ್ಲಿ ಹಬ್ಬವನ್ನು ಸರಳವಾಗಿ ಆಚರಿಸಬೇಕೆಂಬ ಮಾತಿತ್ತು. ದೊಡ್ಡಮ್ಮನ ಮನೆಯಲ್ಲಿ ಆ ವರ್ಷ ಹಬ್ಬವೇ ಇರಲಾರದು ಎಂದು ನಾವು ಎಣಿಸಿದ್ದೆವು. ನೆಲ್ಲು, ಅಂದರೆ ಭತ್ತ, ಬೆಳೆದವನು ಹೊಸ ಕದಿರನ್ನು ಮನೆ ತುಂಬಿಸಿಕೊಂಡು ಮನೆತನದ ಹಿರಿಯರಾದ ಗುರು ಕಾರೋಣರಿಗೂ ದೇವರಿಗೂ ಕೈಮುಗಿಯುವುದು ಹುತ್ತರಿ. ನೆಲ್ಲೇ ಇಲ್ಲದವರು ಏನನ್ನು ತುಂಬಿಸಿಕೊಳ್ಳಬೇಕು? ಹಬ್ಬದ ಹಿಂದಿನ ದಿನ ಅವರೇ ಫೋನು ಮಾಡಿ ಅಪ್ಪನಿಗೆ ಹೇಳಿದರು: "ತಮ್ಮಾ, ನಿನ್ನ ಗದ್ದೆಯ ಕದಿರಲ್ಲಿ ನನಗೂ ಒಂದು ಹಿಡಿ ತಂದುಕೊಡು. ಎಲೆ ನಾನೇ ಕಟ್ಟಿ ಇಟ್ಟಿರುತ್ತೇನೆ."

ಹುಣ್ಣಿಮೆಯ ರಾತ್ರಿ, ನಿಗದಿಯಾದ ಮುಹೂರ್ತಕ್ಕೆ, ನಮ್ಮ ಗದ್ದೆಯಲ್ಲಿ ಕೋವಿಯ ಈಡು ಹಾರಿಸಿ, "ಪೊಲಿ ಪೊಲಿ ದೇವಾ" ಎಂದು ಕೂಗುತ್ತ ಅಪ್ಪ ಕದಿರು ಕೊಯ್ದರು. ಸಮೃದ್ಧಿ ಹೆಚ್ಚಲಿ ಎಂದು ಕೂಗುವ ಆ ಕೂಗು ಆ ವರ್ಷ ಗಂಟಲಿನಿಂದ ಸರಾಗವಾಗಿ ಬರಲಿಲ್ಲ, ಆದರೂ ಎಲ್ಲರೂ ಕೂಗಿದೆವು. ನಮ್ಮ ಮನೆಯಲ್ಲಿ ಕದಿರು ಕಟ್ಟಿ, ದೀಪಕ್ಕೆ ಅಡ್ಡಬಿದ್ದು, ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ರಾತ್ರಿಯೇ ಮಡಿಕೇರಿಗೆ ಹೊರಟೆವು. ತಲುಪುವಾಗ ಹನ್ನೆರಡು ಕಳೆದಿತ್ತು. ದೊಡ್ಡಮ್ಮ ಕೆಂಪು ಅಂಚಿನ ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದರು. ಗೋಣಿಚೀಲದಲ್ಲಿ ಬಂದಿದ್ದ ತೂಗುದೀಪವನ್ನು ತೊಳೆದು, ಮಾಡಿನ ಕಬ್ಬಿಣದ ಕೊಕ್ಕೆಗೆ ತೂಗುಹಾಕಿ ಹಚ್ಚಿದ್ದರು. ಅರಳಿ, ಮಾವು ಮೊದಲಾದ ಎಲೆಗಳನ್ನು ಒಟ್ಟುಗೂಡಿಸಿ ನೆರೆ ಎಂಬ ಕಟ್ಟು ಕಟ್ಟಿ ಮಣೆಯ ಮೇಲೆ ಇಟ್ಟಿದ್ದರು. ಆ ಎಲೆಗಳನ್ನು ಪೇಟೆಯಲ್ಲಿ ಎಲ್ಲಿ ಹುಡುಕಿದರೋ ತಿಳಿಯದು. ಪಕ್ಕದಲ್ಲಿ ತಟ್ಟೆಯಲ್ಲಿ ತಂಬಿಟ್ಟಿತ್ತು, ಹುರಿದ ಅಕ್ಕಿಹಿಟ್ಟಿಗೆ ಬಾಳೆಹಣ್ಣು ಕಲಸಿ, ಮೇಲೆ ತೆಂಗಿನತುರಿ, ಎಳ್ಳು.

ಕದಿರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಆಮೇಲೆ ಒಂದೊಂದೇ ಎಳೆ ಎಲೆಯಲ್ಲಿಟ್ಟು ನಾರಿನಿಂದ ಬಿಗಿದು ಕಟ್ಟತೊಡಗಿದರು. ಮೊದಲು ದೀಪಕ್ಕೆ. ಬಾಗಿಲ ಚೌಕಟ್ಟಿಗೆ ಮೊಳೆಯಿರಲಿಲ್ಲವಾಗಿ ಕಿಟಕಿಯ ಸರಳಿಗೆ. ಬಾವಿಗೆ ಕಟ್ಟುವುದನ್ನು ಅಡಿಗೆಕೋಣೆಯ ನಲ್ಲಿಗೆ. ಭತ್ತ ತುಂಬುವ ಪತ್ತಾಯಕ್ಕೆ ಕಟ್ಟಬೇಕಾದದ್ದನ್ನು ರೇಷನ್ ಅಕ್ಕಿಯ ಡಬ್ಬಿಗೆ. ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು. ಅದರಲ್ಲಿ ಆರ್‌ಟಿಸಿ, ಆಧಾರ್, ಪರಿಹಾರದ ಅರ್ಜಿ, ಮನೆ ಹಾನಿಯ ಫೋಟೋಗಳು. ಅದರ ಹಿಡಿಕೆಗೂ ಒಂದು ಕದಿರು ಕಟ್ಟಿದರು. ಗದ್ದೆಗೆಂದು ಒಂದನ್ನು ಬೇರೆ ತೆಗೆದಿಟ್ಟಿದ್ದರು. ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು, ಕೊನೆಗೆ ಅದನ್ನೂ ದೀಪಕ್ಕೇ ಕಟ್ಟಿದರು.

ಆಮೇಲೆ ದೀಪದ ಮುಂದೆ ನಿಂತು ಗಟ್ಟಿಯಾಗಿಯೇ ಮಾತಾಡಿದರು. ಮಂತ್ರವಲ್ಲ, ಹಾಡಲ್ಲ, ಎದುರಿಗಿರುವ ಹಿರಿಯರೊಡನೆ ಆಡುವ ಮಾತು. ಮಕ್ಕಳು ಕ್ಷೇಮವಾಗಿದ್ದಾರೆ, ತಮ್ಮ ಕದಿರು ತಂದುಕೊಟ್ಟಿದ್ದಾನೆ, ಈ ಮನೆಯವರು ಬಾಡಿಗೆಯಲ್ಲಿ ಒಂದು ತಿಂಗಳದ್ದು ಬೇಡವೆಂದರು ಎಂದು ಒಂದೊಂದನ್ನೂ ಹೆಸರಿಸಿ ಕೈಮುಗಿದರು. ಕೊನೆಗೆ ಹೇಳಿದರು: "ನಿನಗೆ ಸಲ್ಲಬೇಕಾದ್ದು ಸಲ್ಲಿಸಿದ್ದೇನೆ. ನನ್ನ ಗದ್ದೆಯ ಮಾತು ಇನ್ನೂ ಮುಗಿದಿಲ್ಲ."

ನಾನು ಓದಿದ ಯಾವ ಪ್ರಾರ್ಥನೆಯೂ ಇದಕ್ಕೆ ಸಮವಲ್ಲ. ಪರಿಹಾರ ಕೇಂದ್ರದ ಹಿರಿಯರು ಹೇಳಿದ ಕೃತಜ್ಞತೆ ದೂರನ್ನು ಮುಚ್ಚಿಹಾಕುವಂಥದ್ದು; ದೊಡ್ಡಮ್ಮನದು ದೂರನ್ನು ಪಕ್ಕದಲ್ಲೇ ಕೂರಿಸಿಕೊಂಡದ್ದು. ಸಿಕ್ಕದ್ದನ್ನು ಸಿಕ್ಕಿತೆಂದು ಒಪ್ಪಿಕೊಂಡಷ್ಟೇ ಪ್ರಾಮಾಣಿಕವಾಗಿ ಹೋದದ್ದನ್ನು ಹೋಯಿತೆಂದು ಹೇಳಿದರು. ಹಾಗೆ ಹೇಳಲು ಎದುರಿಗೆ ಒಬ್ಬರು ಬೇಕು. ಅರ್ಜಿ ಕೊಡಲು ಕಚೇರಿಯಿತ್ತು, ಅಳಲು ನಾವಿದ್ದೆವು. ಋಣವನ್ನೂ ದೂರನ್ನೂ ಒಟ್ಟಿಗೆ ಹೇಳಿಕೊಳ್ಳಲು ಅವರಿಗೆ ಇದ್ದದ್ದು ಆ ದೀಪವೊಂದೇ.

ತಾರೀಖಿರುವ ಕೃತಜ್ಞತೆ

ಹರಕೆಯ ನಾಯಿಗೂ ಹುತ್ತರಿಯ ಕದಿರಿಗೂ ಇರುವ ಅಂತರ ಆ ರಾತ್ರಿ ನನಗೆ ಸ್ಪಷ್ಟವಾಯಿತು. ಹರಕೆಯಲ್ಲಿ ಫಲ ಮೊದಲು, ಕೃತಜ್ಞತೆ ಆಮೇಲೆ, ಫಲವಿಲ್ಲದಿದ್ದರೆ ಸಂದಾಯವಿಲ್ಲ. ಹುತ್ತರಿಗೆ ಆ ಷರತ್ತಿಲ್ಲ. ಮುಹೂರ್ತ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಶ್ಚಯವಾಗುತ್ತದೆ. ಆ ವರ್ಷ ಬೆಳೆ ಚೆನ್ನಾಗಿದ್ದರೂ ಇಲ್ಲದಿದ್ದರೂ, ಮನಸ್ಸು ಹದವಾಗಿದ್ದರೂ ಕದಡಿದ್ದರೂ ಆ ಗಳಿಗೆಗೆ ಕದಿರು ಕಟ್ಟಬೇಕು. ಕಾವೇರಿ ಹುಟ್ಟುವ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣವೂ ಹಾಗೆಯೇ. 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿಯ ಬೆಟ್ಟ ಕುಸಿದು ಅಲ್ಲಿಯ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಬದುಕಿಡೀ ಕಾವೇರಿಯನ್ನು ಪೂಜಿಸಿದವರು ಕಾವೇರಿಯ ತಾಣದಲ್ಲೇ ಮಡಿದರು. ಇದಕ್ಕೆ ಯಾವ ಉತ್ತರವೂ ನನ್ನಲ್ಲಿ ಇಲ್ಲ, ಉತ್ತರ ಹೇಳಹೊರಟವರ ಮಾತೂ ನನಗೆ ಹಿಡಿಸಲಿಲ್ಲ. ಆದರೆ ಎರಡು ತಿಂಗಳ ನಂತರ, ಅಕ್ಟೋಬರಿನಲ್ಲಿ, ಕೊರೊನಾ ನಿರ್ಬಂಧಗಳ ನಡುವೆಯೂ ತೀರ್ಥೋದ್ಭವದ ಪೂಜೆ ನಡೆಯಿತು. ನಮ್ಮ ಮನೆಗೂ ಒಂದು ಸಣ್ಣ ಗಿಂಡಿಯಲ್ಲಿ ತೀರ್ಥ ಬಂತು; ಅವ್ವ ಎಂದಿನಂತೆ ಅದನ್ನು ದೇವರ ಕೋಣೆಯಲ್ಲಿಟ್ಟಳು.

ಕೃತಜ್ಞತೆಯೆಂದರೆ ಒಂದು ಭಾವನೆ ಎಂದು ಈಗ ಹೆಚ್ಚಿನವರು ತಿಳಿಯುತ್ತಾರೆ. ಮನಃಶಾಸ್ತ್ರಜ್ಞರೂ ಅದನ್ನು ಪರೀಕ್ಷಿಸಿದ್ದಾರೆ: ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ವಾರ ಕಾಲ ವಾರಕ್ಕೊಮ್ಮೆ ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆದಿಟ್ಟ ವಿದ್ಯಾರ್ಥಿಗಳು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ಬದುಕಿನ ಬಗ್ಗೆ ಹೆಚ್ಚು ಭರವಸೆಯಿಂದಿದ್ದರು, ಮೈಕೈ ನೋವಿನಂಥ ದೂರುಗಳೂ ಅವರಲ್ಲಿ ಕಡಿಮೆಯಿದ್ದವು. ನನ್ನ ವಿದ್ಯಾರ್ಥಿನಿಯರಿಗೆ ನಾನೂ ಇದನ್ನು ಹೇಳುತ್ತೇನೆ. ಆದರೆ ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಬರೆಯುವುದಕ್ಕೆ ಅವರಿಗೆ ವಾರವೊಂದು ಗೊತ್ತಾಗಿತ್ತು ಎಂಬುದು. ಕಷ್ಟದಲ್ಲಿರುವವರ ಮನಸ್ಸಿನಲ್ಲಿ ಕೃತಜ್ಞತೆ ತಾನಾಗಿ ಹುಟ್ಟಲಿ ಎಂದು ಕಾಯುತ್ತ ಕೂತರೆ ಅದು ಹುಟ್ಟದೆಯೇ ಹೋಗಬಹುದು. ತಾರೀಖು ಬಂತು, ದೀಪ ತೊಳೆಯಬೇಕು, ಎಲೆ ಹುಡುಕಬೇಕು, ತಮ್ಮನಿಗೆ ಫೋನು ಮಾಡಬೇಕು ಎಂದಾಗ ಕೈ ಮೊದಲು ಏಳುತ್ತದೆ, ಮನಸ್ಸು ಹಿಂದಿನಿಂದ ಬರುತ್ತದೆ, ಕೆಲವೊಮ್ಮೆ ಬರುವುದೂ ಇಲ್ಲ. ಬಾರದಿದ್ದರೂ ಆ ರಾತ್ರಿ ಆ ಮನೆಗೆ ಯಾರೋ ಕದಿರು ತೆಗೆದುಕೊಂಡು ಹೋಗಿರುತ್ತಾರೆ.

ದೊಡ್ಡಮ್ಮನಿಗೆ ಈಗ ಪುನರ್ವಸತಿ ಬಡಾವಣೆಯಲ್ಲಿ ಮನೆಯಿದೆ. ಗದ್ದೆ ಮರಳಿ ಗದ್ದೆಯಾಗಲಿಲ್ಲ. ಅವರೊಬ್ಬರದೇ ಅಲ್ಲ, ಕೊಡಗಿನಲ್ಲಿ ಗದ್ದೆಗಳು ಪಾಳು ಬೀಳುತ್ತಲೇ ಇವೆ. ಆನೆ ನುಗ್ಗಿ ತುಳಿಯುತ್ತದೆ, ನಾಟಿಗೆ ಆಳು ಸಿಗುವುದಿಲ್ಲ, ಬೆಳೆಯುವ ಖರ್ಚಿಗಿಂತ ಅಂಗಡಿಯ ಅಕ್ಕಿ ಅಗ್ಗ. ಅಪ್ಪನೂ ಶಸ್ತ್ರಚಿಕಿತ್ಸೆಯ ನಂತರ ಗದ್ದೆ ಬಿಟ್ಟುಬಿಡಬೇಕೆಂದಿದ್ದರು. ಬಿಡಲಿಲ್ಲ; ಮನೆಗೆ ಹತ್ತಿರವಿರುವ ಎರಡು ಮಡಿಗಳನ್ನು ಮಾತ್ರ ಉಳಿಸಿಕೊಂಡರು. ಅದರಿಂದ ನಮಗೆ ಎರಡು ತಿಂಗಳ ಅಕ್ಕಿಯೂ ಬರುವುದಿಲ್ಲ. ಅದು ಕದಿರಿನ ಗದ್ದೆ. ಹುತ್ತರಿಗೆ ಕೆಲವು ದಿನ ಮುಂಚೆ ದೊಡ್ಡಮ್ಮ ತಮ್ಮ ಬಡಾವಣೆಯ ಬೀದಿಯಲ್ಲಿ ಮನೆಮನೆ ಕೇಳಿ, ಎಷ್ಟು ಹಿಡಿ ಬೇಕೆಂದು ಅಪ್ಪನಿಗೆ ತಿಳಿಸುತ್ತಾರೆ. ಅಪ್ಪ ಅಷ್ಟನ್ನೂ ಬೇರೆ ಬೇರೆ ಕಟ್ಟಿ ಕಳಿಸುತ್ತಾರೆ. ಈ ಸಲ ಆ ಪಟ್ಟಿಗೆ ಹೊಸ ಮನೆಗಳು ಸೇರಿವೆ, ಎರಡು ಮಡಿ ಸಾಲದು, ಪಾಳುಬಿದ್ದ ಮೂರನೆಯದನ್ನೂ ಉಳಬೇಕು ಎಂಬ ಮಾತು ನಡೆಯುತ್ತಿದೆ. ಆಳು ಸಿಗದಿದ್ದರೆ ನಾಟಿಗೆ ನಾನೇ ಬರುತ್ತೇನೆ ಎಂದು ದೊಡ್ಡಮ್ಮ ಹಟ ಹಿಡಿದಿದ್ದಾರೆ. ಈ ವಯಸ್ಸಿನಲ್ಲಿ ಕೆಸರಿಗೆ ಇಳಿಯುವುದು ಬೇಡ ಎಂದು ಅಪ್ಪ ಹೇಳುತ್ತಾರೆ. ಬೈಪಾಸ್ ಆದವನು ನೀನು ಇಳಿಯಬಹುದೋ ಎಂದು ದೊಡ್ಡಮ್ಮ ಕೇಳುತ್ತಾರೆ. ಇಬ್ಬರೂ ಫೋನಿನಲ್ಲಿ ಇದನ್ನೇ ವಾದಿಸುತ್ತಿದ್ದಾರೆ. ಸಸಿಮಡಿಗೆ ಬಿತ್ತನೆ ನೆಲ್ಲು ನೆನೆಹಾಕುವ ಹೊತ್ತಿಗಾದರೂ ಒಂದು ತೀರ್ಮಾನಕ್ಕೆ ಬರಬೇಕು.